ಹಳೇ 407ಕ್ಕೆ ಯಾವ ಸ್ಪೀಡು ಸರಿ? ನಿಮ್ಮ ಗಾಡಿಯ ಲೆಕ್ಕ ನೀವೇ ಹಾಕುವ ಬಗೆ

"ಮನೇಲಿ ಹಳೇ 407 ಇದೆ. ವಾರಕ್ಕೆ ನಾಲ್ಕು ಸಲ ತರಕಾರಿ ಹೊಡೀತೀವಿ. ಎಷ್ಟು ಸ್ಪೀಡಲ್ಲಿ ಹೋದ್ರೆ ಮೈಲೇಜ್ ಜಾಸ್ತಿ ಬರುತ್ತೆ?" ರೈತರು ನನಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. 407 ಅಂದರೆ ಟಾಟಾ ಕಂಪನಿಯ ಚಿಕ್ಕ ಲಾರಿ. ಕೆಲವರ ಬಳಿ ಸ್ವರಾಜ್ ಮಜ್ದಾ ಇರುತ್ತದೆ, ಕೆಲವರ ಬಳಿ ಮ್ಯಾಟಡಾರ್. ಗಾಡಿ ಬೇರೆಯಾದರೂ ಪ್ರಶ್ನೆ ಅದೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಲೋಡು ಇರುವ ಹಳೇ 407ಕ್ಕೆ ಸಮತಟ್ಟು ಟಾರು ರಸ್ತೆಯಲ್ಲಿ, ಟಾಪ್ ಗೇರಿನಲ್ಲಿ, ಗಂಟೆಗೆ 45ರಿಂದ 55 ಕಿ.ಮೀ. ಒಳ್ಳೆಯ ಸ್ಪೀಡು. ಆದರೆ ನಿಮ್ಮ ಗಾಡಿಗೆ 47 ಸರಿಯೋ 54 ಸರಿಯೋ ಅನ್ನುವುದನ್ನು ನಾನು ಇಲ್ಲಿ ಕೂತು ಹೇಳಲಾರೆ. ಟೈರು, ಹಿಂದಿನ ಆಕ್ಸಲ್ಲಿನ ಹೌಸಿಂಗ್ ಒಳಗಿನ ಚಕ್ರಗಳ ಹಲ್ಲು, ಡೀಸೆಲ್ ಪಂಪಿನ ಸ್ಥಿತಿ, ನೀವು ಓಡಾಡುವ ರಸ್ತೆ, ಇವೆಲ್ಲ ಸೇರಿ ಅದನ್ನು ತೀರ್ಮಾನಿಸುತ್ತವೆ. ಅಳೆದು ನೋಡಬೇಕು. ಅಳೆಯುವುದು ಕಷ್ಟವಲ್ಲ, ಕೆಲವು ವಾರ ತಾಳ್ಮೆ ಬೇಕು ಅಷ್ಟೇ.

ಟಾಟಾ 407 ಮಾರುಕಟ್ಟೆಗೆ ಬಂದದ್ದು 1986ರಲ್ಲಿ. ಹಳೇ ಗಾಡಿ ಅಂತ ಕೆಲವರು ಇದನ್ನು "ವಿಂಟೇಜ್" ಅನ್ನುತ್ತಾರೆ. ಕಾನೂನಿನಲ್ಲಿ ಆ ಮಾತಿಗೆ ಬೇರೆ ಅರ್ಥವಿದೆ. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನ ಮಾತ್ರ ವಿಂಟೇಜ್, ಅದನ್ನು ವ್ಯಾಪಾರಕ್ಕೆ ಓಡಿಸುವ ಹಾಗೂ ಇಲ್ಲ. ಹಾಗಾಗಿ ನಿಮ್ಮ ಗಾಡಿ ಆ ಲೆಕ್ಕಕ್ಕೆ ಬರುವುದಿಲ್ಲ. ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ಎಲ್ಲ ಚಾಲ್ತಿಯಲ್ಲಿ ಇಟ್ಟುಕೊಂಡೇ ಮುಂದಿನದನ್ನು ಮಾಡಿ.

ಸ್ಪೀಡು ಏರಿದರೆ ಡೀಸೆಲ್ ಯಾಕೆ ಖಾಲಿಯಾಗುತ್ತದೆ

ಗಾಡಿ ಮುಂದೆ ಹೋಗುವಾಗ ಎರಡು ಶಕ್ತಿಗಳು ಅದನ್ನು ಹಿಂದಕ್ಕೆ ಎಳೆಯುತ್ತಿರುತ್ತವೆ. ಒಂದು ಟೈರಿನ ಉರುಳಾಟದ ತಡೆ. ಇನ್ನೊಂದು ಗಾಳಿ.

ಟೈರಿನ ತಡೆ ತೂಕಕ್ಕೆ ತಕ್ಕಂತೆ ಇರುತ್ತದೆ. ಒಳ್ಳೆಯ ಟಾರು ರಸ್ತೆಯಲ್ಲಿ ಅದು ಗಾಡಿಯ ಒಟ್ಟು ತೂಕದ ನೂರರಲ್ಲಿ ಒಂದು ಪಾಲು. ಲೋಡು ಸೇರಿ ಗಾಡಿ 5 ಟನ್ ಇದ್ದರೆ ಸುಮಾರು 50 ಕೆ.ಜಿ. ಎಳೆತ. 30ರಲ್ಲಿ ಹೋಗಿ, 60ರಲ್ಲಿ ಹೋಗಿ, ಇದು ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ.

ಗಾಳಿ ಹಾಗಲ್ಲ. ಸ್ಪೀಡು ಎರಡು ಪಟ್ಟಾದರೆ ಗಾಳಿಯ ಎಳೆತ ನಾಲ್ಕು ಪಟ್ಟಾಗುತ್ತದೆ. 407ರ ಮೂತಿ ಗಿಡ್ಡ, ಹಿಂದೆ ಚೌಕ ಬಾಡಿ. ನಾನು ಹಾಕಿದ ಅಂದಾಜು ಲೆಕ್ಕದಲ್ಲಿ 50ರಲ್ಲಿ ಹೋಗುವಾಗ ಗಾಳಿಯ ಎಳೆತ ಸುಮಾರು 33 ಕೆ.ಜಿ. 60ಕ್ಕೆ ಅದು 48 ಆಗುತ್ತದೆ, ಅಂದರೆ ಟೈರಿನ ತಡೆಗೆ ಹತ್ತಿರ ಹತ್ತಿರ ಸಮ. 70ಕ್ಕೆ ಸುಮಾರು 65 ಕೆ.ಜಿ. ಆಗುತ್ತದೆ. ಎರಡನ್ನೂ ಕೂಡಿಸಿ ನೋಡಿ. 50ರಲ್ಲಿ 83, 70ರಲ್ಲಿ 115. ಅದೇ ರಸ್ತೆ, ಅದೇ ಲೋಡು, ಪ್ರತಿ ಕಿಲೋಮೀಟರಿಗೂ ಎಂಜಿನ್ ಸುಮಾರು 40 ಪರ್ಸೆಂಟ್ ಜಾಸ್ತಿ ದುಡಿಯಬೇಕು.

ಹಾಗಾದರೆ 30ರಲ್ಲೇ ಹೋದರೆ ಇನ್ನೂ ಒಳ್ಳೆಯದಲ್ವಾ? ಅಲ್ಲ. ಅಷ್ಟು ನಿಧಾನದಲ್ಲಿ ಟಾಪ್ ಗೇರ್ ಹಾಕಿದರೆ ಎಂಜಿನ್ ಏದುಸಿರು ಬಿಡುತ್ತದೆ, ಕಪ್ಪು ಹೊಗೆ ಬರುತ್ತದೆ. ಗೇರ್ ಇಳಿಸಿದರೆ ಎಂಜಿನ್ ಸುಮ್ನೆ ಜಾಸ್ತಿ ಸುತ್ತು ತಿರುಗುತ್ತದೆ. ಇವೆರಡರ ನಡುವಿನ ಜಾಗವನ್ನೇ ನಾವು ಹುಡುಕಬೇಕು.

ಏನೇನು ಬೇಕು

ಒಂದು ನೋಟ್‌ಬುಕ್ಕು, ಪೆನ್ನು. ಸ್ಪೀಡು ತೋರಿಸುವ ಜಿಪಿಎಸ್ ಆ್ಯಪ್ ಇರುವ ಮೊಬೈಲ್. ಟೈರಿನ ಗಾಳಿ ನೋಡುವ ಉದ್ದ ಮೂತಿಯ ಗೇಜು. ಚಾಕ್‌ಪೀಸು, ಅಳತೆ ಟೇಪು. ಒಂದು ಹಂತಕ್ಕೆ ಮಾತ್ರ ನಂಬಿಕೆಯ ಮೆಕ್ಯಾನಿಕ್ ಅರ್ಧ ದಿನ ಬೇಕು. ಮೊಬೈಲ್ ನೋಡುವ ಕೆಲಸ ಪಕ್ಕದಲ್ಲಿ ಕೂತವರದು. ಓಡಿಸುವವರು ರಸ್ತೆ ಬಿಟ್ಟು ಬೇರೇನೂ ನೋಡಬಾರದು.

ಹಂತ 1: ಗಾಡಿ ಸಲೀಸಾಗಿ ಉರುಳುತ್ತದೆಯೇ ನೋಡಿ

ಬ್ರೇಕ್ ಹಿಡಿದುಕೊಂಡೇ ಓಡುವ ಗಾಡಿಯಲ್ಲಿ ಸ್ಪೀಡಿನ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಅದಕ್ಕೇ ಮೊದಲು ಇದು.

ಖಾಲಿ ಗಾಡಿಯನ್ನು ಸಮತಟ್ಟು ಸಿಮೆಂಟ್ ಅಥವಾ ಟಾರು ಜಾಗದಲ್ಲಿ ನಿಲ್ಲಿಸಿ. ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಡಿ. ಒಬ್ಬರು ಸ್ಟೇರಿಂಗ್ ಮುಂದೆ ಬ್ರೇಕಿಗೆ ಕಾಲಿಟ್ಟುಕೊಂಡು ತಯಾರಾಗಿ ಕೂತಿರಲಿ. ಇಬ್ಬರು ಹಿಂದಿನಿಂದ ತಳ್ಳಿ. ಒಮ್ಮೆ ಅಲುಗಿದ ಮೇಲೆ ಗಾಡಿ ಸುಲಭವಾಗಿ ಉರುಳುತ್ತಾ ಹೋಗಬೇಕು. ನಾಲ್ಕು ಜನ ಹೆಗಲು ಕೊಡಬೇಕಾಯಿತು ಅಂದರೆ ಎಲ್ಲೋ ಹಿಡಿಯುತ್ತಿದೆ.

ಎಲ್ಲಿ ಅಂತ ಗೊತ್ತಾಗಲು ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕನ್ನು ಆದಷ್ಟು ಕಡಿಮೆ ಒತ್ತಿ. ನಿಲ್ಲಿಸಿದ ತಕ್ಷಣ ನಾಲ್ಕೂ ಚಕ್ರದ ಡ್ರಮ್ಮಿನ ಹತ್ತಿರ ಅಂಗೈಯ ಹಿಂಭಾಗ ಹಿಡಿದು ಬಿಸಿ ನೋಡಿ. ಮುಟ್ಟಬೇಡಿ, ಸುಡಬಹುದು. ಒಂದು ಚಕ್ರ ಮಾತ್ರ ಬೇರೆಯವಕ್ಕಿಂತ ಜಾಸ್ತಿ ಬಿಸಿಯಿದ್ದರೆ ಅಲ್ಲಿ ಬ್ರೇಕ್ ಲೈನರ್ ಒರೆಯುತ್ತಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ. ಮೊದಲು ಅದನ್ನು ಸರಿ ಮಾಡಿಸಿ.

ಆಮೇಲೆ ಟೈರಿನ ಗಾಳಿ. ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ, ಟೈರು ತಣ್ಣಗಿದ್ದಾಗ ನೋಡಬೇಕು. ನಿಮ್ಮ ಟೈರಿನ ಅಳತೆಗೆ, ನಿಮ್ಮ ಲೋಡಿಗೆ ಎಷ್ಟು ಬೇಕೋ ಅಷ್ಟು ತುಂಬಿಸಿ. ಟೈರಿನ ಪಕ್ಕೆಯ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ದಾಟಬೇಡಿ.

ಇಲ್ಲಿ ಆಗುವ ದೊಡ್ಡ ತಪ್ಪು ಒಳಗಿನ ಟೈರಿನದು. ಹಿಂದೆ ಜೋಡಿ ಟೈರು ಇರುವ ಗಾಡಿಯಲ್ಲಿ ಹೊರಗಿನದನ್ನು ಎಲ್ಲರೂ ನೋಡುತ್ತಾರೆ. ಒಳಗಿನದರ ವಾಲ್ವಿಗೆ ಕೈ ಎಟುಕುವುದಿಲ್ಲ ಅಂತ ಬಿಟ್ಟುಬಿಡುತ್ತಾರೆ. ಒಳಗಿನದು ಇಳಿದಿದ್ದರೆ ಪೂರ್ತಿ ಭಾರ ಹೊರಗಿನದರ ಮೇಲೆ ಬೀಳುತ್ತದೆ, ಡೀಸೆಲ್ಲೂ ಹೋಗುತ್ತದೆ, ಟೈರೂ ಹೋಗುತ್ತದೆ. ಉದ್ದ ಮೂತಿಯ ಗೇಜು ಬೇಕು ಅಂದದ್ದು ಇದಕ್ಕೇ. ನೋಡುವಾಗ ಎರಡು ಟೈರಿನ ನಡುವೆ ಕಲ್ಲು ಸಿಕ್ಕಿಕೊಂಡಿದೆಯಾ ಅಂತಲೂ ನೋಡಿಬಿಡಿ.

ರೇಡಿಯಲ್ ಟೈರು ನೈಲಾನ್ ಟೈರಿಗಿಂತ ಹಗುರವಾಗಿ ಉರುಳುತ್ತದೆ. ಟೈರು ಬದಲಿಸುವ ಕಾಲ ಬಂದಾಗ ಯೋಚಿಸಬಹುದು. ಆದರೆ ಒಂದೇ ಆಕ್ಸಲ್ಲಿನಲ್ಲಿ ಎರಡು ಜಾತಿ ಬೆರೆಸಬೇಡಿ, ಬ್ರೇಕ್ ಹಾಕಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ.

ಹಂತ 2: ಮೀಟರ್ ಸರಿಯಿದೆಯೇ ತಿಳಿದುಕೊಳ್ಳಿ

ಹಳೇ ಗಾಡಿಯ ಸ್ಪೀಡೋಮೀಟರ್ ಮುಳ್ಳನ್ನು ನಂಬುವ ಹಾಗಿಲ್ಲ. ಎಷ್ಟೋ ಗಾಡಿಗಳಲ್ಲಿ ಕೇಬಲ್ಲೇ ತುಂಡಾಗಿರುತ್ತದೆ. ಸಮನಾದ ರಸ್ತೆಯಲ್ಲಿ ಒಂದೇ ಸ್ಪೀಡಿನಲ್ಲಿ ಹೋಗುತ್ತಾ, ಪಕ್ಕದಲ್ಲಿ ಕೂತವರು ಮೊಬೈಲಿನ ಜಿಪಿಎಸ್ ನೋಡಿ ಹೇಳಲಿ. ಮೀಟರ್ 40, 50, 60 ತೋರಿಸುವಾಗ ನಿಜವಾದ ಸ್ಪೀಡು ಎಷ್ಟು ಅಂತ ಬರೆದುಕೊಳ್ಳಿ. ಮೀಟರ್ ಪಕ್ಕ ಒಂದು ಚೀಟಿ ಅಂಟಿಸಿದರೂ ಆಯಿತು.

ಕಿಲೋಮೀಟರ್ ಎಣಿಸುವ ಅಂಕಿಗಳನ್ನೂ ಪರೀಕ್ಷೆ ಮಾಡಿ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳನ್ನು ನೋಡುತ್ತಾ ಹತ್ತು ಕಿ.ಮೀ. ಹೋಗಿ. ನಿಮ್ಮ ಮೀಟರಿನಲ್ಲೂ ಹತ್ತೇ ಆಯಿತಾ? ಮೊದಲಿದ್ದ ಟೈರಿಗಿಂತ ದೊಡ್ಡ ಟೈರು ಹಾಕಿಸಿದ್ದರೆ ಮೀಟರ್ ಕಡಿಮೆ ತೋರಿಸುತ್ತದೆ. ಟೈರಿನ ಸುತ್ತಳತೆ 4 ಪರ್ಸೆಂಟ್ ಜಾಸ್ತಿಯಾಗಿದ್ದರೆ ನೀವು 104 ಕಿ.ಮೀ. ಹೋದಾಗ ಮೀಟರಿನಲ್ಲಿ 100 ಬಂದಿರುತ್ತದೆ. ದೊಡ್ಡ ಟೈರು ಹಾಕಿದ ಮೇಲೆ ಮೈಲೇಜ್ ಇಳಿಯಿತು ಅಂತ ಬೇಜಾರು ಮಾಡಿಕೊಳ್ಳುವವರು ಮೊದಲು ಇದನ್ನು ನೋಡಬೇಕು.

ಹಂತ 3: ಈಗಿನ ಮೈಲೇಜ್ ಬರೆದಿಡಿ

ಏನನ್ನೂ ಬದಲಿಸದೆ, ಈಗ ಹೇಗೆ ಓಡಿಸುತ್ತೀರೋ ಹಾಗೇ ಓಡಿಸಿ ಅಳೆಯಿರಿ. ಟ್ಯಾಂಕ್ ಫುಲ್ ಮಾಡಿಸಿ, ಕಿ.ಮೀ. ಬರೆದುಕೊಳ್ಳಿ. ಓಡಿಸಿ. ಮತ್ತೆ ಫುಲ್ ಮಾಡಿಸಿ. ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. 455 ಕಿ.ಮೀ.ಗೆ 50 ಲೀಟರ್ ಹಿಡಿದರೆ 9.1.

ಎರಡೂ ಸಲ ಅದೇ ಬಂಕು, ಅದೇ ಪಂಪು, ಗಾಡಿ ಅದೇ ಜಾಗದಲ್ಲಿ ನಿಂತಿರಲಿ. ಜಾಗ ಓರೆಯಿದ್ದರೆ ಟ್ಯಾಂಕಿನಲ್ಲಿ ಒಂದೆರಡು ಲೀಟರ್ ಆಚೀಚೆ ಆಗುತ್ತದೆ. 20 ಲೀಟರಿಗೆಲ್ಲ ಲೆಕ್ಕ ಹಾಕಬೇಡಿ. ತುಂಬಿಸುವಾಗ ಒಂದು ಲೀಟರ್ ತಪ್ಪಾದರೂ 20ರಲ್ಲಿ ಅದು 5 ಪರ್ಸೆಂಟ್. 50, 60 ಲೀಟರ್ ಖಾಲಿ ಮಾಡಿ ನೋಡಿದರೆ ಅದೇ ತಪ್ಪು 2 ಪರ್ಸೆಂಟಿಗೆ ಇಳಿಯುತ್ತದೆ. ಮೂರು ಟ್ಯಾಂಕಿನ ಸರಾಸರಿ ಸಿಕ್ಕಿದರೆ ಅದನ್ನು ಧೈರ್ಯವಾಗಿ ನಂಬಬಹುದು.

ಪ್ರತಿ ಟ್ರಿಪ್ಪಿನ ಲೋಡನ್ನೂ ಬರೆಯಿರಿ. ಕೋಲಾರದ ಕಡೆ ಟೊಮೆಟೊ ಕ್ರೇಟು 15 ಕೆ.ಜಿ. ಲೆಕ್ಕ. 130 ಕ್ರೇಟ್ ಹಾಕಿದರೆ ಹಣ್ಣೇ 1,950 ಕೆ.ಜಿ., ಕ್ರೇಟಿನ ತೂಕ ಬೇರೆ. ಲೋಡು ಬರೆಯದ ಮೈಲೇಜ್ ಲೆಕ್ಕದಿಂದ ಏನೂ ತಿಳಿಯುವುದಿಲ್ಲ.

ಹಂತ 4: ಎಂಜಿನ್ನಿಗೆ ನೆಮ್ಮದಿಯ ಸ್ಪೀಡು ಯಾವುದು

ಈ ಹಂತ ನನಗೆ ತುಂಬಾ ಇಷ್ಟ. ಇದನ್ನು ಮಾಡಿದವರಿಗೆ ತಮ್ಮ ಗಾಡಿಯ ಒಳಗೇನು ನಡೆಯುತ್ತಿದೆ ಅಂತ ಮೊದಲ ಸಲ ಗೊತ್ತಾಗುತ್ತದೆ.

ಹಳೇ ಕಾಲದ ಈ ಡೀಸೆಲ್ ಎಂಜಿನ್ನುಗಳು ನಿಮಿಷಕ್ಕೆ ಸುಮಾರು 1,500ರಿಂದ 2,000 ಸುತ್ತಿನ ನಡುವೆ ಕಡಿಮೆ ಡೀಸೆಲ್ಲಿನಲ್ಲಿ ಚೆನ್ನಾಗಿ ಎಳೆಯುತ್ತವೆ. ಈ ಸುತ್ತಿನ ಲೆಕ್ಕಕ್ಕೆ ಆರ್‌ಪಿಎಂ ಅನ್ನುತ್ತಾರೆ. ಹಳೇ ಗಾಡಿಯಲ್ಲಿ ಆರ್‌ಪಿಎಂ ತೋರಿಸುವ ಮೀಟರ್ ಇರುವುದಿಲ್ಲ. ಆದರೆ ಲೆಕ್ಕ ಹಾಕಿ ತಿಳಿಯಬಹುದು. ಎರಡು ಅಂಕಿ ಬೇಕು.

ಒಂದು, ಟೈರಿನ ಸುತ್ತಳತೆ. ಹಿಂದಿನ ಟೈರು ನೆಲ ಮುಟ್ಟುವ ಜಾಗದಲ್ಲಿ ಚಾಕಿನಿಂದ ಟೈರಿಗೂ ನೆಲಕ್ಕೂ ಗುರುತು ಹಾಕಿ. ಟೈರಿನ ಗುರುತು ಮತ್ತೆ ಕೆಳಗೆ ಬರುವವರೆಗೆ ಗಾಡಿಯನ್ನು ಮುಂದೆ ಬಿಟ್ಟು, ನೆಲದ ಮೇಲೆ ಅಳೆಯಿರಿ. ಲೋಡು ಇರುವಾಗಲೇ ಅಳೆದರೆ ಇನ್ನೂ ಒಳ್ಳೆಯದು. ಇದು 2.45 ಮೀಟರ್ ಬಂತು ಅಂದುಕೊಳ್ಳಿ.

ಎರಡು, ಕ್ರೌನ್ ಪಿನಿಯನ್ ಲೆಕ್ಕ. ಹಿಂದಿನ ಹೌಸಿಂಗ್ ಒಳಗೆ ಒಂದು ದೊಡ್ಡ ಹಲ್ಲಿನ ಚಕ್ರ ಇರುತ್ತದೆ, ಅದು ಕ್ರೌನ್. ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್. ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಉದ್ದದ ಜಾಯಿಂಟ್ ಶಾಫ್ಟು ಎಷ್ಟು ಸುತ್ತು ತಿರುಗಬೇಕು ಅನ್ನುವುದೇ ಈ ಲೆಕ್ಕ. ಗಾಡಿಯ ಪುಸ್ತಕ ಇದ್ದರೆ ಅದರಲ್ಲಿ ಇರುತ್ತದೆ. ಇಲ್ಲದಿದ್ದರೆ ಗ್ರೀಸಿಗೆ ಬಿಟ್ಟಾಗ ಮೆಕ್ಯಾನಿಕ್ ಕೈಲಿ ಹೀಗೆ ಮಾಡಿಸಿ. ಮುಂದಿನ ಚಕ್ರಗಳಿಗೂ ನೆಲದ ಮೇಲಿರುವ ಹಿಂದಿನ ಚಕ್ರಕ್ಕೂ ಎರಡೂ ಕಡೆ ಗಟ್ಟಿಯಾಗಿ ಕಲ್ಲು ಕೊಟ್ಟು, ಹಿಂದಿನ ಒಂದು ಕಡೆಯನ್ನು ಮಾತ್ರ ಎತ್ತಿ, ಜಾಕಿಯ ಜೊತೆಗೆ ಸ್ಟ್ಯಾಂಡ್ ಕೊಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಅಷ್ಟರಲ್ಲಿ ಶಾಫ್ಟು ಎಷ್ಟು ಸುತ್ತು ತಿರುಗಿತೋ ಅದೇ ನಿಮ್ಮ ಅಂಕಿ. ಒಂದೇ ಚಕ್ರ ತಿರುಗುವಾಗ ಕ್ರೌನ್ ಅರ್ಧ ಮಾತ್ರ ತಿರುಗುತ್ತದೆ, ಅದಕ್ಕೇ ಎರಡು ಸುತ್ತು.

ಎಚ್ಚರ: ಶಾಫ್ಟನ್ನು ಪಕ್ಕದಿಂದ ನೋಡಿ ಎಣಿಸಿ. ಯಾರೂ ಗಾಡಿಯ ಕೆಳಗೆ ಹೋಗಬಾರದು. ಇಳಿಜಾರಿನಲ್ಲಿ, ಮಣ್ಣಿನ ನೆಲದ ಮೇಲೆ ಈ ಕೆಲಸ ಬೇಡವೇ ಬೇಡ.

ಈಗ ಲೆಕ್ಕ. ಶಾಫ್ಟು 5 ಸುತ್ತು ತಿರುಗಿತು ಅಂದುಕೊಳ್ಳೋಣ. ಗಂಟೆಗೆ 50 ಕಿ.ಮೀ. ಅಂದರೆ ನಿಮಿಷಕ್ಕೆ 833 ಮೀಟರ್. ಅದನ್ನು 2.45ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ 340 ಸುತ್ತು. 5ರಿಂದ ಗುಣಿಸಿದರೆ 1,700. ಟಾಪ್ ಗೇರಿನಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ಸುತ್ತು ತಿರುಗುವ ಗೇರ್‌ಬಾಕ್ಸಿನಲ್ಲಿ ಇದೇ ಎಂಜಿನ್ನಿನ ಆರ್‌ಪಿಎಂ. ಇದೇ ಗಾಡಿ 65ರಲ್ಲಿ ಹೋದರೆ 2,200 ದಾಟುತ್ತದೆ, 45ರಲ್ಲಿ 1,530. ಮೊದಲೇ ಹೇಳಿದ 45ರಿಂದ 55 ಎಲ್ಲಿಂದ ಬಂತು ಅಂತ ಈಗ ಗೊತ್ತಾಯಿತಲ್ಲ. ನಿಮ್ಮ ಅಂಕಿ ಬೇರೆಯಾದರೆ ನಿಮ್ಮ ಸ್ಪೀಡೂ ಬೇರೆಯಾಗುತ್ತದೆ.

ಹಂತ 5: ರಸ್ತೆಯ ಮೇಲೆ ಪರೀಕ್ಷೆ

ಲೆಕ್ಕದಲ್ಲಿ ಬಂದ ಸ್ಪೀಡನ್ನು ರಸ್ತೆಯಲ್ಲಿ ಪರೀಕ್ಷೆ ಮಾಡಬೇಕು. ಸುಲಭದ ದಾರಿ ಎಂದರೆ ಒಂದು ಟ್ಯಾಂಕ್ ಪೂರ್ತಿ 45ರಲ್ಲಿ, ಮುಂದಿನ ಟ್ಯಾಂಕ್ 55ರಲ್ಲಿ, ಅದರ ಮುಂದಿನದು 65ರಲ್ಲಿ ಓಡಿಸುವುದು. ಅದೇ ದಾರಿ, ಅದೇ ಸಮಯ, ಹೆಚ್ಚು ಕಡಿಮೆ ಅದೇ ಲೋಡು. ರಸ್ತೆಯ ಬೋರ್ಡಿನಲ್ಲಿ ಇರುವ ವೇಗದ ಮಿತಿಯನ್ನು ಮಾತ್ರ ಪರೀಕ್ಷೆಗೂ ದಾಟಬೇಡಿ.

ಬೇಗ ಗೊತ್ತಾಗಬೇಕು ಅಂದರೆ ಕ್ಯಾನ್ ಪರೀಕ್ಷೆ ಇದೆ. ಟ್ಯಾಂಕಿನ ಪೈಪು ಬಿಚ್ಚಿ, ಚಿಕ್ಕ ಕ್ಯಾನಿನಿಂದ ಡೀಸೆಲ್ ಹೋಗುವ ಹಾಗೆ ಮೆಕ್ಯಾನಿಕ್ ಜೋಡಿಸುತ್ತಾರೆ. ಕ್ಯಾನನ್ನು ತರಕಾರಿ ತಕ್ಕಡಿಯಲ್ಲಿ ಮೊದಲೂ ಕೊನೆಗೂ ತೂಗಿ. ಡೀಸೆಲ್ ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ, ಹಾಗಾಗಿ ತೂಕದಿಂದ ಲೀಟರ್ ಲೆಕ್ಕ ಸಿಗುತ್ತದೆ. ಹೋಗುವಾಗ ಹತ್ತು, ಬರುವಾಗ ಹತ್ತು ಕಿ.ಮೀ. ಓಡಿಸಬೇಕು. ಒಂದೇ ಕಡೆ ಓಡಿಸಿದರೆ ರಸ್ತೆಯ ಇಳಿಜಾರೋ ಗಾಳಿಯೋ ಲೆಕ್ಕ ಕೆಡಿಸುತ್ತದೆ.

ಈ ಪರೀಕ್ಷೆಯಲ್ಲಿ ಎರಡು ಕಡೆ ಎಡವುತ್ತಾರೆ. ಪಂಪಿಗೆ ಹೋದ ಡೀಸೆಲ್ ಎಲ್ಲವೂ ಉರಿಯುವುದಿಲ್ಲ, ಮಿಕ್ಕಿದ್ದು ರಿಟರ್ನ್ ಪೈಪಿನಲ್ಲಿ ವಾಪಸ್ ಬರುತ್ತದೆ. ಆ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಬೇಕು. ಅದು ಟ್ಯಾಂಕಿಗೇ ಹೋಗುತ್ತಿದ್ದರೆ ಮೈಲೇಜ್ ಪಾತಾಳಕ್ಕೆ ಇಳಿದ ಹಾಗೆ ಕಾಣುತ್ತದೆ, ಇಲ್ಲದ ಕಾಯಿಲೆಗೆ ಪಂಪ್ ಬಿಚ್ಚಿಸುತ್ತೀರಿ. ಇನ್ನೊಂದು, ಕ್ಯಾನ್ ಪೂರ್ತಿ ಖಾಲಿಯಾಗಲು ಬಿಡಬೇಡಿ. ಲೈನಿಗೆ ಏರ್ ಸೇರಿದರೆ ಗಾಡಿ ನಿಂತುಬಿಡುತ್ತದೆ, ಆಮೇಲೆ ಹ್ಯಾಂಡ್ ಪಂಪ್ ಒತ್ತಿ ಏರ್ ತೆಗೆಯುತ್ತಾ ರಸ್ತೆ ಬದಿಯಲ್ಲಿ ಕೂರಬೇಕು. ಕ್ಯಾನನ್ನು ಬಿಸಿ ಸೈಲೆನ್ಸರಿನಿಂದ ದೂರ, ಅಲುಗದ ಹಾಗೆ ಕಟ್ಟಿ.

ಬಂದ ಅಂಕಿಯ ಜೊತೆ ಸಮಯವನ್ನೂ ಇಟ್ಟು ನೋಡಿ. 60 ಕಿ.ಮೀ. ದಾರಿಯನ್ನು 65ರಲ್ಲಿ ಹೋದರೆ 55 ನಿಮಿಷ, 50ರಲ್ಲಿ ಹೋದರೆ 72 ನಿಮಿಷ. ಉಳಿಯುವುದು 17 ನಿಮಿಷ. ನನ್ನ ಅಂದಾಜಿನಲ್ಲಿ ಆ 17 ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ಡೀಸೆಲ್ ಕೊಡುತ್ತೀರಿ. ಹರಾಜಿನ ಹೊತ್ತು ಮೀರುತ್ತಿದ್ದರೆ ಆ ಒಂದೂವರೆ ಲೀಟರ್ ಖರ್ಚು ಮಾಡುವುದೇ ಸರಿ. ಖಾಲಿ ವಾಪಸ್ ಬರುವಾಗ ಅದೇ ಅವಸರ ಯಾಕೆ ಬೇಕು?

ಹಂತ 6: ಓಡಿಸುವ ರೀತಿ ಬದಲಿಸಿ

ಸ್ಪೀಡು ಗೊತ್ತಾಯಿತು. ಆದರೆ ನಮ್ಮ ಹಳ್ಳಿ ರಸ್ತೆಯಲ್ಲಿ ಒಂದೇ ಸ್ಪೀಡಿನಲ್ಲಿ ಎಷ್ಟು ದೂರ ಹೋಗಲು ಬಿಡುತ್ತಾರೆ? ಊರಿಗೊಂದು ಹಂಪ್ಸು, ಶಾಲೆಗೊಂದು ಹಂಪ್ಸು, ದನ, ಬಸ್ಸು. ನನ್ನ ಮಟ್ಟಿಗೆ ಹೆಚ್ಚು ಡೀಸೆಲ್ ಉಳಿಯುವುದು ಇಲ್ಲೇ.

5 ಟನ್ ಗಾಡಿಯನ್ನು ನಿಂತಲ್ಲಿಂದ 60ರವರೆಗೆ ಏರಿಸಲು, ಸ್ಪೀಡು ಹಿಡಿಸುವುದಕ್ಕೇ ಸುಮಾರು 75 ಎಂ.ಎಲ್. ಡೀಸೆಲ್ ಬೇಕು. ಬೈಟು ಕಾಫಿಯ ಲೋಟದಷ್ಟು. ಹಂಪ್ಸಿನ ಹತ್ತಿರ ಹೋಗಿ ಜೋರಾಗಿ ಬ್ರೇಕ್ ಒತ್ತಿದಿರಿ ಅಂದರೆ ಅಷ್ಟೂ ಡೀಸೆಲ್ಲನ್ನು ಲೈನರ್ ಬಿಸಿ ಮಾಡಲು ಬಳಸಿದ ಹಾಗೆ. ದಾರಿಯಲ್ಲಿ ಇಂಥ ಹತ್ತು ಜಾಗ ಇದ್ದರೆ ಮುಕ್ಕಾಲು ಲೀಟರ್ ಹೋಯಿತು. 40ರವರೆಗೆ ಮಾತ್ರ ಏರಿಸಿದರೆ ಸಾಕಾಗುವ ಕಡೆ 40ಕ್ಕೇ ನಿಲ್ಲಿಸಿ, ಆಗ ಖರ್ಚು ಅರ್ಧಕ್ಕಿಂತ ಕಡಿಮೆ.

ಹಾಗಾಗಿ ಹಂಪ್ಸು ಕಾಣುತ್ತಿದ್ದ ಹಾಗೇ, ಇನ್ನೂರು ಮುನ್ನೂರು ಮೀಟರ್ ಮುಂಚೆಯೇ ಎಕ್ಸಲೇಟರ್ ಬಿಟ್ಟುಬಿಡಿ. ಗೇರಿನಲ್ಲೇ ಇರಲಿ. ಗಾಡಿ ತನ್ನ ಓಟದಲ್ಲೇ ಬಂದು ನಿಧಾನವಾಗುತ್ತದೆ. ದಿನಾ ಹೋಗುವ ದಾರಿಯಲ್ಲಿ ಎಲ್ಲಿ ಕಾಲು ತೆಗೆಯಬೇಕು ಅಂತ ವಾರದಲ್ಲಿ ರೂಢಿಯಾಗುತ್ತದೆ. ಅರಳಿ ಮರ, ಹಾಲಿನ ಡೈರಿ, ಹೀಗೆ ಗುರುತು ಇಟ್ಟುಕೊಳ್ಳಿ. ಹಿಂದೆ ಬರುವವರನ್ನು ಕನ್ನಡಿಯಲ್ಲಿ ನೋಡಿಕೊಂಡೇ ನಿಧಾನ ಮಾಡಿ, ಬ್ರೇಕ್ ಲೈಟ್ ಹತ್ತದೆ ಇದ್ದಾಗ ಅವರಿಗೆ ಗೊತ್ತಾಗುವುದಿಲ್ಲ.

ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಇದರಿಂದ ಜೀವ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಡೀಸೆಲ್ ಉಳಿಯುತ್ತದೆ ಅನ್ನುವುದೂ ತಪ್ಪು. ಗೇರಿನಲ್ಲಿದ್ದು ಎಕ್ಸಲೇಟರ್ ಪೂರ್ತಿ ಬಿಟ್ಟಾಗ, ಎಂಜಿನ್ ಐಡ್ಲಿಂಗಿಗಿಂತ ಜೋರಾಗಿ ತಿರುಗುತ್ತಿದ್ದರೆ ಪಂಪಿನ ಗವರ್ನರ್ ಡೀಸೆಲ್ ನಿಲ್ಲಿಸುತ್ತದೆ. ಗವರ್ನರ್ ಅಂದರೆ ಎಂಜಿನ್ ಸುತ್ತಿಗೆ ತಕ್ಕ ಹಾಗೆ ಡೀಸೆಲ್ ಅಳೆದು ಕೊಡುವ ಭಾಗ. ನ್ಯೂಟ್ರಲ್ ಮಾಡಿದರೆ ಎಂಜಿನ್ ಐಡ್ಲಿಂಗಿನಲ್ಲಿ ಡೀಸೆಲ್ ಕುಡಿಯುತ್ತಲೇ ಇರುತ್ತದೆ. ಎಂಜಿನ್ ಆಫ್ ಮಾಡಿ ಇಳಿಸುವುದು ಇನ್ನೂ ಅಪಾಯ. ಬ್ರೇಕಿಗೆ ಸಹಾಯ ಮಾಡುವ ವ್ಯಾಕ್ಯೂಮ್ ಎಂಜಿನ್ ತಿರುಗಿದರೆ ಮಾತ್ರ ಹುಟ್ಟುತ್ತದೆ. ಆಫ್ ಮಾಡಿ ಎರಡು ಮೂರು ಸಲ ಒತ್ತಿದರೆ ಪೆಡಲ್ ಕಲ್ಲಾಗುತ್ತದೆ. ಚಾರ್ಮಾಡಿ, ಶಿರಾಡಿಯಂಥ ಘಾಟಿಯಲ್ಲಿ ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್. ಹಳೇ ಡ್ರೈವರುಗಳ ಈ ಮಾತನ್ನು ಮರೆಯಬೇಡಿ.

ಏರಿನಲ್ಲಿ ಮೈಲೇಜ್ ಇಳಿಯುವುದಕ್ಕೆ ಗಾಬರಿ ಬೇಡ. 5 ಟನ್ ತೂಕವನ್ನು 100 ಮೀಟರ್ ಮೇಲೆ ಎತ್ತಲು ಸುಮಾರು ಅರ್ಧ ಲೀಟರ್ ಬೇಕೇ ಬೇಕು. ಕೋಲಾರಕ್ಕಿಂತ ಬೆಂಗಳೂರು ಸುಮಾರು 100 ಮೀಟರ್ ಎತ್ತರದಲ್ಲಿದೆ. ಲೋಡು ಹೊತ್ತು ಏರುತ್ತೀರಿ, ಖಾಲಿ ಇಳಿಯುತ್ತೀರಿ. ಆ ಅರ್ಧ ಲೀಟರಿಗೆ ಗಾಡಿಯನ್ನಾಗಲಿ ಡ್ರೈವರನ್ನಾಗಲಿ ದೂರಬೇಡಿ. ಏರಿನಲ್ಲಿ ಒಂದೇ ನಿಯಮ: ಎಕ್ಸಲೇಟರ್ ಇನ್ನಷ್ಟು ಒತ್ತಿದರೂ ಎಂಜಿನ್ ಸದ್ದು ಬದಲಾಗದಿದ್ದರೆ ಒಂದು ಗೇರ್ ಇಳಿಸಿ. ಅದಕ್ಕೂ ಮುಂದೆ ಒತ್ತಿದ್ದೆಲ್ಲ ಕಪ್ಪು ಹೊಗೆಯಾಗಿ ಹೋಗುತ್ತದೆ.

ಇನ್ನು ಮಂಡಿಯ ಮುಂದಿನ ಸಾಲು. ಬ್ಯಾಟರಿ ವೀಕ್ ಇದೆ, ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲ್ಲ ಅಂತ ಎಷ್ಟೋ ಜನ ಗಂಟೆಗಟ್ಟಲೆ ಎಂಜಿನ್ ಚಾಲೂ ಇಟ್ಟಿರುತ್ತಾರೆ. ನಿಂತಲ್ಲೇ ಗಂಟೆಗೆ ಅರ್ಧದಿಂದ ಒಂದು ಲೀಟರ್ ಹೋಗುತ್ತದೆ. ದಿನಕ್ಕೆ ಒಂದು ಗಂಟೆ ಹೀಗೆ ನಿಂತರೆ ತಿಂಗಳಿಗೆ 15ರಿಂದ 30 ಲೀಟರ್. ಹೊಸ ಬ್ಯಾಟರಿಯ ದುಡ್ಡು ಅಲ್ಲೇ ಕೂತಿದೆ.

ಹಂತ 7: ಲೋಡು ಮತ್ತು ಟಾರ್ಪಾಲು

ಆರ್‌ಸಿಯಲ್ಲಿ ಇರುವ ತೂಕದ ಮಿತಿ ದಾಟಬೇಡಿ, ಅನುಮಾನ ಇದ್ದರೆ ಒಮ್ಮೆ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ. ಅದೇ ತೂಕವನ್ನು ಎತ್ತರಕ್ಕೆ ಪೇರಿಸುವ ಬದಲು ಆದಷ್ಟು ಕ್ಯಾಬಿನ್ನಿನ ಎತ್ತರದ ಒಳಗೆ ಜೋಡಿಸಿ. ಅದಕ್ಕಿಂತ ಮೇಲೆ ಹೋದ ಪ್ರತಿ ಸಾಲೂ ಗಾಳಿಗೆ ಎದೆ ಕೊಟ್ಟು ನಿಲ್ಲುತ್ತದೆ. ಟಾರ್ಪಾಲು ಪಟಪಟ ಹೊಡೆದುಕೊಳ್ಳದ ಹಾಗೆ ಬಿಗಿದು ಕಟ್ಟಿ. ಖಾಲಿ ಬರುವಾಗ ಮಡಚಿ ಒಳಗಿಡಿ.

ಹೊಲದಿಂದ ಟಾರು ರಸ್ತೆಗೆ ಬರುವ ದಾರಿಯಲ್ಲಿ ಮೆತ್ತನೆ ಮಣ್ಣಿದ್ದರೆ ಉರುಳಾಟದ ತಡೆ ಟಾರಿನ ಐದು ಪಟ್ಟು, ಕೆಲವು ಕಡೆ ಹತ್ತು ಪಟ್ಟಾಗುತ್ತದೆ. ಅಲ್ಲಿ ಸ್ಪೀಡು ಮಾಡಿ ಏನೂ ಸಿಗುವುದಿಲ್ಲ. ಚಿಕ್ಕ ಗೇರಿನಲ್ಲಿ ನಿಧಾನಕ್ಕೆ ಬನ್ನಿ. ಆ ಒಂದು ಫರ್ಲಾಂಗಿಗೆ ಗರಸು ಹಾಕಿಸಿದರೆ ಮಳೆಗಾಲ ಪೂರ್ತಿ ಉಪಯೋಗಕ್ಕೆ ಬರುತ್ತದೆ.

ಹಂತ 8: ಇಷ್ಟಾದರೂ ಮೈಲೇಜ್ ಬರದಿದ್ದರೆ

ಈಗ ಎಂಜಿನ್ ಕಡೆ ನೋಡಿ. ಕ್ರಮ ಮುಖ್ಯ, ಕಡಿಮೆ ಖರ್ಚಿನದು ಮೊದಲು.

ಏರ್ ಫಿಲ್ಟರ್ ನೋಡಿ. ಹಳೇ ಗಾಡಿಗಳಲ್ಲಿ ಆಯಿಲ್ ಬಾತ್ ಫಿಲ್ಟರ್ ಇರುತ್ತದೆ, ಅಂದರೆ ಗಾಳಿಯ ಧೂಳನ್ನು ಬಟ್ಟಲಿನ ಎಣ್ಣೆ ಹಿಡಿಯುತ್ತದೆ. ಎಣ್ಣೆ ಕೆಸರಾಗಿದ್ದರೆ ತೊಳೆದು ಬದಲಿಸಿ, ಗುರುತಿಗಿಂತ ಜಾಸ್ತಿ ಹಾಕಬೇಡಿ. ಡೀಸೆಲ್ ಫಿಲ್ಟರ್ ಬದಲಿಸಿ. ಎಂಜಿನ್ ತಣ್ಣಗಿದ್ದಾಗ ಟ್ಯಾಪೆಟ್, ಅಂದರೆ ಎಂಜಿನ್ ವಾಲ್ವುಗಳ ಸಂದು, ಸೆಟ್ ಮಾಡಿಸಿ.

ಥರ್ಮೋಸ್ಟಾಟ್ ಇದೆಯಾ ಕೇಳಿ. ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಹೋಗದ ಹಾಗೆ ತಡೆಯುವ ಚಿಕ್ಕ ವಾಲ್ವ್ ಅದು. ಒಮ್ಮೆ ಗಾಡಿ ಕಾದಾಗ "ಇದು ಬೇಡ" ಅಂತ ತೆಗೆದು ಬಿಸಾಕಿರುತ್ತಾರೆ. ಆಮೇಲೆ ಎಂಜಿನ್ ಯಾವಾಗಲೂ ತಣ್ಣಗೇ ಓಡುತ್ತದೆ, ಡೀಸೆಲ್ ಸರಿಯಾಗಿ ಉರಿಯುವುದಿಲ್ಲ. ಚಿಕ್ಕ ಭಾಗ, ಹಾಕಿಸಿಬಿಡಿ.

ಕೊನೆಗೆ ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸುವ ನಾಝಲ್ ಮತ್ತು ಅದಕ್ಕೆ ಡೀಸೆಲ್ ಒತ್ತುವ ಪಂಪ್. ಈ ಗಾಡಿಗಳ ಎಷ್ಟೋ ಪಂಪುಗಳ ಮೇಲೆ ಮೈಕೋ ಅಂತ ಹೆಸರು ಇರುತ್ತದೆ. 1951ರಲ್ಲಿ ಶುರುವಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ನಡೆಸಿದ ಕಂಪನಿ ಅದು, ಈಗ ಬಾಷ್. ಇವನ್ನು ಪರೀಕ್ಷಿಸಲು ಬೇರೆ ಯಂತ್ರವೇ ಬೇಕು. ಅಂಥ ಯಂತ್ರ ಇರುವ ಡೀಸೆಲ್ ಪಂಪ್ ರಿಪೇರಿ ಅಂಗಡಿಗೇ ಕೊಡಿ. ಪಂಪಿನ ಸೀಲ್ ಒಡೆದು, ಸ್ಕ್ರೂ ತಿರುಗಿಸಿ "ಪಿಕಪ್ ಜಾಸ್ತಿ ಮಾಡಿಕೊಡ್ತೀನಿ" ಅನ್ನುವವರಿಗೆ ಗಾಡಿ ಕೊಡಬೇಡಿ. ಪಿಕಪ್ ಬರುತ್ತದೆ ನಿಜ, ಅದರ ಹಿಂದೆಯೇ ಕಪ್ಪು ಹೊಗೆ ಬರುತ್ತದೆ, ಎಫ್‌ಸಿ ಹೊತ್ತಿಗೆ ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವುದೂ ಬೇಡ. ಅದು ಕಾನೂನಿಗೆ ವಿರುದ್ಧ, ಜೊತೆಗೆ ಸೀಮೆಎಣ್ಣೆಯಲ್ಲಿ ಜಿಡ್ಡು ಕಡಿಮೆ. ಪಂಪಿನ ಒಳಗಿನ ಭಾಗಗಳಿಗೆ ಡೀಸೆಲ್ಲಿನ ಜಿಡ್ಡೇ ಎಣ್ಣೆ, ಅದಿಲ್ಲದಿದ್ದರೆ ಸವೆದುಹೋಗುತ್ತವೆ. ಟ್ಯಾಂಕಿಗೆ ಹಾಕುವ ಮಾತ್ರೆ, ಪೈಪಿಗೆ ಕಟ್ಟುವ ಅಯಸ್ಕಾಂತಕ್ಕೆ ದುಡ್ಡು ಕೊಡಬೇಡಿ.

ಪ್ರತಿ ರಿಪೇರಿ ಆದ ಮೇಲೂ ಮೂರನೇ ಹಂತಕ್ಕೆ ವಾಪಸ್ ಹೋಗಿ, ಎರಡು ಟ್ಯಾಂಕ್ ಅಳೆದು, ಅದೇ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ. ಎರಡು ರಿಪೇರಿ ಒಟ್ಟಿಗೆ ಮಾಡಿಸಬೇಡಿ, ಮಾಡಿಸಿದರೆ ಯಾವುದರಿಂದ ಮೈಲೇಜ್ ಏರಿತು ಅಂತ ತಿಳಿಯುವುದಿಲ್ಲ.